ಪ್ಲಾನ್ ಓದುವವರು

ಸರ್ವರ್ ಬೇಕೆಂದರೆ ಆರು ವಾರ. 2009ರ ಸುಮಾರಿಗೆ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿದ್ದ ನಮ್ಮ ಕಂಪನಿಯಲ್ಲಿ ಇದು ಎಲ್ಲರೂ ಒಪ್ಪಿಕೊಂಡಿದ್ದ ಲೆಕ್ಕ. ಎಕ್ಸೆಲ್ ಹಾಳೆಯಲ್ಲಿ ಅರ್ಜಿ ತುಂಬಬೇಕು, ಮ್ಯಾನೇಜರ್ ಸಹಿ ಆಗಬೇಕು, ಹಣಕಾಸಿನವರ ಸಹಿ ಆಗಬೇಕು, ಪರ್ಚೇಸ್ ಆರ್ಡರ್ ಹೊರಡಬೇಕು. ಪೆಟ್ಟಿಗೆ ಬಂದ ಮೇಲೂ ಅದನ್ನು ರ‍್ಯಾಕಿಗೆ ಏರಿಸಿ, ಕೇಬಲ್ ಎಳೆದು, ಲಿನಕ್ಸ್ ಹಾಕಿ, ಐಪಿ ಕೊಟ್ಟು, ಫೈರ್‌ವಾಲ್‌ನಲ್ಲಿ ಪೋರ್ಟ್ ತೆಗೆಸುವಷ್ಟರಲ್ಲಿ ಮತ್ತೊಂದು ವಾರ ಕಳೆಯುತ್ತಿತ್ತು. ಯಾರಿಗೂ ಸಿಟ್ಟು ಬರುತ್ತಿರಲಿಲ್ಲ. ತಂತ್ರಾಂಶ ಬರೆಯುವವರೇ ಆಗ ಆರು ತಿಂಗಳಿಗೊಮ್ಮೆ ರಿಲೀಸ್ ಮಾಡುತ್ತಿದ್ದರು. ನಮ್ಮ ಆರು ವಾರ ಅದರ ಹೊಟ್ಟೆಯೊಳಗೆ ಅಡಗಿಹೋಗುತ್ತಿತ್ತು.

ಅಜೈಲ್ ಎಂಬ ಕೆಲಸದ ಪದ್ಧತಿ ಬಂದ ಮೇಲೆ ಆ ಆರು ವಾರ ಹೊರಗೆ ಬಿತ್ತು. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಕೂತು ಬರೆದ ಪ್ರಣಾಳಿಕೆ ನಮ್ಮ ಮಹಡಿಗೆ ವರ್ಷಗಳ ಮೇಲೆ ತಲುಪಿತು, ಅದೂ ಬಣ್ಣದ ಚೀಟಿಗಳ ವೇಷದಲ್ಲಿ. ಎರಡು ವಾರಕ್ಕೊಂದು ಸ್ಪ್ರಿಂಟ್. ಬೆಳಿಗ್ಗೆ ನಿಂತುಕೊಂಡೇ ಸಭೆ. ಗೋಡೆಯ ಮೇಲೆ ಮೂರು ಸಾಲು: ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು. ಸ್ವಲ್ಪ ದಿನದಲ್ಲೇ ನಾಲ್ಕನೆಯ ಸಾಲೊಂದು ತಾನಾಗಿ ಹುಟ್ಟಿಕೊಂಡಿತು, ‘ಬ್ಲಾಕ್ಡ್’. ಅಲ್ಲಿ ಅಂಟಿಕೊಂಡಿದ್ದ ಕೆಂಪು ಚೀಟಿಗಳೆಲ್ಲ ನಮ್ಮವು, ಅಂದರೆ ಸರ್ವರ್ ನೋಡಿಕೊಳ್ಳುವ ನಮ್ಮ ಕೋಣೆಯವರ ಹೆಸರಿನವು. ಎರಡು ವಾರದಲ್ಲಿ ಕೋಡ್ ಮುಗಿಸಿ ಎದ್ದವರು, ಅದನ್ನು ಓಡಿಸಲು ಜಾಗವಿಲ್ಲದೆ ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವರ ವೇಗಕ್ಕೆ ಚಪ್ಪಾಳೆ ಬಿತ್ತು, ನಮಗೆ ಬೈಗುಳ.

2009ರಲ್ಲೇ ಫ್ಲಿಕರ್ ಕಂಪನಿಯ ಜಾನ್ ಆಲ್ಸ್‌ಪಾ ಮತ್ತು ಪಾಲ್ ಹ್ಯಾಮಂಡ್ ತಾವು ದಿನಕ್ಕೆ ಹತ್ತಕ್ಕೂ ಹೆಚ್ಚು ಸಲ ಹೊಸ ಕೋಡ್ ಬಿಡುಗಡೆ ಮಾಡುತ್ತೇವೆಂದು ಒಂದು ಸಮ್ಮೇಳನದಲ್ಲಿ ವಿವರಿಸಿದ್ದರು. ಬೆಲ್ಜಿಯಂನ ಗೆಂಟ್ ನಗರದಲ್ಲಿ ಪ್ಯಾಟ್ರಿಕ್ ಡೆಬೊವಾ ನಡೆಸಿದ ಸಭೆಯಿಂದ ‘ಡೆವ್‌ಆಪ್ಸ್’ ಎಂಬ ಹೆಸರು ಓಡಾಡತೊಡಗಿತು. ಫ್ಲಿಕರ್‌ನವರ ಆ ಭಾಷಣದ ವೀಡಿಯೊವನ್ನು ನಮ್ಮ ಕೋಣೆಯಲ್ಲಿ ಎಲ್ಲರೂ ಸೇರಿ ನೋಡಿದೆವು. ನಮ್ಮ ಹಿರಿಯ ಅಡ್ಮಿನ್ ಮಂಡ್ಯ ಕಡೆಯವರು. ನಾವು ಅವರನ್ನು ‘ಸರ್’ ಎಂದಷ್ಟೇ ಕರೆಯುತ್ತಿದ್ದೆವು. ಅವರು ಟೀ ಲೋಟ ಕೆಳಗಿಟ್ಟು, “ದಿನಕ್ ಹತ್ ಸಲ ಬಿಡೋದೇನೋ ಬಿಡ್ತಾರೆ ಕಣ್ರಪ್ಪ, ಏನ್ ಬಿಟ್ರು ಅಂತ ನೋಡೋರ್ ಯಾರು?” ಎಂದರು. ನಾವು ನಕ್ಕೆವು. ಆ ಪ್ರಶ್ನೆ ಮಾತ್ರ ನನ್ನ ಜೊತೆ ಉಳಿಯಿತು. ಅದನ್ನು ಅದಕ್ಕೂ ಮೊದಲೇ, ಬೇರೆ ರೂಪದಲ್ಲಿ, ಊರಿನಲ್ಲಿ ಕೇಳಿದ್ದೆ.

ನಮ್ಮೂರು ಆಳಂದ. ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್. ಇನ್ನೂ ಸ್ವಲ್ಪ ಮುಂದೆ ಹೋದರೆ ಮಹಾರಾಷ್ಟ್ರ. ಲಾಡ್ಲೆ ಮಶಾಯಿಕರ ದರ್ಗಾ, ಅಮರ್ಜಾ ಹೊಳೆ, ಕಣ್ಣು ಹಾಯುವವರೆಗೆ ಕರಿ ಎರಿ ಮಣ್ಣು, ಅದರಲ್ಲಿ ತೊಗರಿ. ಮುಂಗಾರಿಗೆ ಮೊದಲು ಬೆಳೆಸಾಲ ಎತ್ತಬೇಕೆಂದರೆ ಪಹಣಿ ಬೇಕು. ಪಹಣಿ ತಲಾಟಿಯ ಚೀಲದಲ್ಲಿರುತ್ತಿತ್ತು. ತಲಾಟಿ ಕೆಟ್ಟವನೇನಲ್ಲ, ಅವನ ಕೈಗೆ ಹಲವು ಹಳ್ಳಿ ಕಟ್ಟಿದ್ದರು. ಅವನು ಇವತ್ತು ಎಲ್ಲಿದ್ದಾನೆ ಎಂದು ಹುಡುಕುವುದೇ ಅಪ್ಪನ ಮೇ ತಿಂಗಳ ಕೆಲಸವಾಗಿತ್ತು. ಸಿಕ್ಕ ಮೇಲೂ ಅವನು ಬರೆದದ್ದೇ ಬರಹ. ಯಾವ ಕಾಲಮ್ಮಿನಲ್ಲಿ ಏನಿದೆ, ಕಳೆದ ವರ್ಷ ಏನಿತ್ತು, ಈಗ ಯಾಕೆ ಬದಲಾಯಿತು ಎಂದು ಕೇಳುವ ಧೈರ್ಯ ಕಡಿಮೆ ಜನಕ್ಕಿತ್ತು.

ನಾನು ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಕಾಲಕ್ಕೆ ‘ಭೂಮಿ’ ಬಂತು. ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷ ಹಿಡುವಳಿದಾರರ ಲೆಕ್ಕವನ್ನು ಕಂಪ್ಯೂಟರಿಗೆ ಹತ್ತಿಸಿದ ಯೋಜನೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು ನಡೆಸಿದರು, ತಂತ್ರಾಂಶ ಬರೆದದ್ದು ಎನ್‌ಐಸಿ. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಕಂಪ್ಯೂಟರ್ ಓದುವವಳಾದ್ದರಿಂದ ನನಗೆ ಪ್ರಿಂಟರ್ ಮೇಲೆ ಕಣ್ಣು. ಅಪ್ಪನ ಕಣ್ಣು ಬೇರೆ ಕಡೆ ಇತ್ತು. ಕಿಂಡಿಯ ಒಳಗಿನ ಗುಮಾಸ್ತನಿಗೊಂದು ಪರದೆ, ಹೊರಗೆ ನಿಂತ ರೈತನ ಕಡೆ ಮುಖ ಮಾಡಿ ಇನ್ನೊಂದು ಪರದೆ. “ನಮ್ಮ ಕಡೀನೂ ಒಂದು ಟಿ.ವಿ. ಇಟ್ಟಾರ ನೋಡವ್ವಾ. ಅಂವ ಏನ್ ಬರೀತಾನ ನಮಗೂ ಕಾಣ್ತದ” ಎಂದು ಬಸ್‌ಸ್ಟ್ಯಾಂಡಿನವರೆಗೂ ಅದನ್ನೇ ಹೇಳಿದ. ಹಕ್ಕು ಬದಲಾವಣೆಯ ಅರ್ಜಿಗಳಿಗೂ ಸರದಿ ಗೊತ್ತುಪಡಿಸಿದ್ದರು. ಮೊದಲು ಬಂದದ್ದು ಮೊದಲು. ನಡುವೆ ಯಾರದನ್ನೋ ಎತ್ತಿ ಮುಂದೆ ಹಾಕಲು ತಂತ್ರಾಂಶ ಬಿಡುತ್ತಿರಲಿಲ್ಲ. ಅಧಿಕಾರಿ ಬೆರಳೊತ್ತಿ ಒಳಹೋಗಬೇಕಿದ್ದರಿಂದ, ಯಾರು ಒಪ್ಪಿಗೆ ಕೊಟ್ಟರೆಂಬುದು ದಾಖಲಾಗುತ್ತಿತ್ತು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. ಕಚೇರಿಯ ಹೊರಗೆ ಅರ್ಜಿ ತುಂಬಿಕೊಡುವವರ ಮೇಜುಗಳು ಬಂದವು, ಹಕ್ಕು ಬದಲಾವಣೆಗೆ ತಲಾಟಿಯ ವರದಿ ಮೊದಲಿನಂತೆಯೇ ಬೇಕಿತ್ತು. ಆದರೆ ದಾಖಲೆ ಒಬ್ಬನ ಚೀಲದಿಂದ ಹೊರಬಿದ್ದು ನಾಲ್ಕು ಜನರ ಕಣ್ಣಿಗೆ ಬಿದ್ದದ್ದು ಸಣ್ಣ ಸಂಗತಿಯಲ್ಲ. ಅದೇ ಸಂಗತಿ ನನ್ನ ಕಸುಬಿನಲ್ಲಿ ಆಗಲು ಇನ್ನೂ ಹತ್ತು-ಹನ್ನೆರಡು ವರ್ಷ ಹಿಡಿಯಿತು.

ಕ್ಲೌಡ್ ಬಂದಾಗ ಆರು ವಾರದ ರೋಗ ವಾಸಿಯಾಯಿತೆಂದೇ ನಂಬಿದೆವು. ಅಮೆಜಾನ್ 2006ರಲ್ಲೇ ಬಾಡಿಗೆ ಸರ್ವರ್ ಕೊಡಲು ಶುರುಮಾಡಿತ್ತು. 2010ರ ಏಪ್ರಿಲ್‌ನಲ್ಲಿ ಸಿಂಗಪುರದ ಕೇಂದ್ರ ತೆರೆದ ಮೇಲೆ ನಮಗೂ ಅದು ಹತ್ತಿರವಾಯಿತು. ಮುಂಬೈ ಕೇಂದ್ರ ಬರಲು 2016ರವರೆಗೆ ಕಾಯಬೇಕಾಯಿತು. ಬ್ರೌಸರ್ ತೆರೆದು ನಾಲ್ಕು ಕಡೆ ಕ್ಲಿಕ್ ಮಾಡಿದರೆ ಟೀ ಮುಗಿಯುವುದರೊಳಗೆ ಸರ್ವರ್ ಸಿದ್ಧ. ನಾನು ಎಬ್ಬಿಸಿದವಕ್ಕೆ ನಮ್ಮ ಕಡೆಯ ಹೊಳೆಗಳ ಹೆಸರಿಟ್ಟೆ: ಭೀಮಾ, ಅಮರ್ಜಾ, ಕಾಗಿಣಾ. ಪಕ್ಕದವರು ಮಲಯಾಳಿ, ಅವರವು ಪೆರಿಯಾರ್, ಪಂಪಾ.

ಹೆಸರಿಡಬಾರದು ಎಂಬ ಉಪದೇಶ ಸ್ವಲ್ಪ ತಡವಾಗಿ ಬಂತು. ಸರ್ವರುಗಳನ್ನು ಮುದ್ದಿನ ನಾಯಿಬೆಕ್ಕಿನಂತೆ ಸಾಕಬೇಡಿ, ದನದ ಮಂದೆಯಂತೆ ನೋಡಿ. ಒಂದಕ್ಕೆ ಜಡ್ಡಾದರೆ ಆರೈಕೆ ಬೇಡ, ಗುಂಡು ಹೊಡೆದು ಇನ್ನೊಂದು ತನ್ನಿ ಎಂಬುದು 2012ರ ಸುಮಾರಿಗೆ ಕ್ಲೌಡ್ ಮಂದಿಯ ಬಾಯಲ್ಲಿ ಓಡಾಡಿದ ಗಾದೆ. ಟೆಕ್ಸಾಸಿನ ಮಂದೆ ನೋಡಿದವರು ಕಟ್ಟಿದ್ದಿರಬೇಕು. ನಮ್ಮ ಮನೆಯ ಎತ್ತುಗಳಿಗೆ ಹೆಸರಿತ್ತು. ಕಾರಹುಣ್ಣಿವಿಗೆ ಅವುಗಳ ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಮನೆಯವರಿಗಿಂತ ಮೊದಲು ಅವಕ್ಕೆ ಉಣಿಸುತ್ತಿದ್ದೆವು. ಎತ್ತು ಕುಂಟಿದರೆ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಹಾಗಾಗಿ ಆ ಗಾದೆಯ ತಾತ್ಪರ್ಯ ಒಪ್ಪಿಕೊಂಡರೂ ಗಾದೆಯನ್ನು ನಾನು ಯಾವ ತರಬೇತಿಯಲ್ಲೂ ಬಳಸಿಲ್ಲ.

ತಾತ್ಪರ್ಯ ಒಪ್ಪಲೇಬೇಕಾಗಿತ್ತು. ಕ್ಲಿಕ್ ಮಾಡಿ ಎಬ್ಬಿಸಿದ ಸರ್ವರ್‌ಗಳು ನೂರಾದಾಗ ಭೀಮಾ ಏನು ಮಾಡುತ್ತದೆ, ಕಾಗಿಣಾಕ್ಕೆ 8080 ಪೋರ್ಟ್ ಯಾಕೆ ತೆರೆದಿದೆ, ತೆರೆದವರು ಯಾರು, ಅವರು ಇನ್ನೂ ಕಂಪನಿಯಲ್ಲಿ ಇದ್ದಾರೆಯೇ ಎಂಬ ಪ್ರಶ್ನೆಗಳಿಗೆ ಉತ್ತರವಿರಲಿಲ್ಲ. ಎಬ್ಬಿಸಲು ಐದು ನಿಮಿಷ, ಯಾಕೆ ಎಬ್ಬಿಸಿದೆವೆಂದು ಪತ್ತೆ ಹಚ್ಚಲು ವಾರ. ಟೆಸ್ಟ್ ಪರಿಸರದಲ್ಲಿ ಓಡಿದ ಕೋಡ್ ಗ್ರಾಹಕರು ಬಳಸುವ ಪ್ರೊಡಕ್ಷನ್‌ನಲ್ಲಿ ಬೀಳುತ್ತಿತ್ತು, ಏಕೆಂದರೆ ಎರಡನ್ನೂ ಕೈಯಿಂದ ಕಟ್ಟಿದ್ದರು, ಬೇರೆ ಬೇರೆಯವರು, ಬೇರೆ ಬೇರೆ ದಿನ. ಆಗಿನ ಪರಿಸ್ಥಿತಿಯನ್ನು ನೋಡಿದರೆ ಹಳೆಯ ಆರು ವಾರಕ್ಕೆ ಒಂದು ಮರ್ಯಾದೆ ಇತ್ತು. ಕನಿಷ್ಠ ಆ ಎಕ್ಸೆಲ್ ಹಾಳೆಯಲ್ಲಿ ಕಾರಣ ಬರೆಯಬೇಕಿತ್ತು.

ಹೀಗೆ ನಾವು ಸರ್ವರ್‌ಗಳನ್ನೂ ಕೋಡಿನಲ್ಲೇ ಬರೆದಿಡುವ ದಾರಿಗೆ ಬಂದೆವು. ಅದಕ್ಕೆ ಪಪೆಟ್, ಶೆಫ್ ಎಂಬ ಸಾಧನಗಳು ಆಗಲೇ ಇದ್ದವು. 2011ರಲ್ಲಿ ಅಮೆಜಾನ್‌ನದೇ ಕ್ಲೌಡ್‌ಫಾರ್ಮೇಶನ್ ಬಂತು, 2014ರಲ್ಲಿ ಹ್ಯಾಶಿಕಾರ್ಪ್ ಕಂಪನಿಯ ಟೆರಾಫಾರ್ಮ್. ನಮ್ಮ ತಂಡ ಕೊನೆಯದನ್ನು ಹಿಡಿಯಿತು. ಇದು ಕೆಲಸ ಮಾಡುವ ಬಗೆ ಹೀಗೆ: ಇದನ್ನು ಮಾಡು, ಆಮೇಲೆ ಅದನ್ನು ಮಾಡು ಎಂದು ನಾವು ಹೇಳುವುದಿಲ್ಲ. ಕೊನೆಗೆ ಏನಿರಬೇಕೋ ಅದನ್ನಷ್ಟೇ ಬರೆಯುತ್ತೇವೆ. ಇಷ್ಟು ಸರ್ವರ್, ಇಂಥ ನೆಟ್‌ವರ್ಕ್, ಈ ಪೋರ್ಟ್ ಮಾತ್ರ ತೆರೆದಿರಲಿ. ಈಗ ಏನಿದೆ ಎಂಬುದರ ದಾಖಲೆಯನ್ನು ಅದು ‘ಸ್ಟೇಟ್’ ಎಂಬ ಕಡತದಲ್ಲಿ ಇಟ್ಟುಕೊಂಡಿರುತ್ತದೆ. ನಾವು ಬರೆದದ್ದನ್ನೂ ಆ ಕಡತವನ್ನೂ ನಿಜವಾಗಿ ಕ್ಲೌಡ್‌ನಲ್ಲಿ ಇರುವುದನ್ನೂ ಹೋಲಿಸಿ ನೋಡಿ, ಏನೇನು ಹೊಸದಾಗಿ ಹುಟ್ಟುತ್ತದೆ, ಏನು ಬದಲಾಗುತ್ತದೆ, ಏನು ಅಳಿಯುತ್ತದೆ ಎಂಬ ಪಟ್ಟಿ ಮುಂದಿಡುತ್ತದೆ. ಆ ಪಟ್ಟಿಯೇ ‘ಪ್ಲಾನ್’. ಅದನ್ನು ಓದಿ ‘ಅಪ್ಲೈ’ ಎಂದರೆ ಮಾತ್ರ ಕೆಲಸ ನಡೆಯುತ್ತದೆ.

ಕೋಡ್ ಬರೆಯುವುದು ಕಷ್ಟವಾಗಲಿಲ್ಲ. ಸರ್ ಅವರ ತಲೆಯಲ್ಲಿದ್ದುದನ್ನು ಹೊರಗೆ ತೆಗೆಯುವುದು ಕಷ್ಟವಾಯಿತು. ಅವರದೊಂದು ವರ್ಡ್ ಕಡತವಿತ್ತು, ಯಾವ ಸರ್ವರನ್ನು ಯಾವ ಕ್ರಮದಲ್ಲಿ ಎಬ್ಬಿಸಬೇಕೆಂಬ ಹಂತಗಳದು. ಅದರಲ್ಲೊಂದು ಸಾಲು: ‘ಡೇಟಾಬೇಸ್ ಎದ್ದ ಮೇಲೆ ಹತ್ತು ನಿಮಿಷ ಸುಮ್ಮನಿರಿ, ಆಮೇಲೆ ಆ್ಯಪ್ ಶುರು ಮಾಡಿ.’ ಯಾಕೆ ಎಂದು ಕೇಳಿದೆ. “ಯಾಕೆ ಅಂತ ಕೇಳ್ಬೇಡ ಕಣಮ್ಮ, ಕಾಯಿ ಅಷ್ಟೆ” ಎಂದರು. ನಾನೂ ಬಿಡಲಿಲ್ಲ, ಅವರೂ ಬಿಟ್ಟುಕೊಡಲಿಲ್ಲ. ಕೊನೆಗೊಂದು ದಿನ ಊಟದ ಹೊತ್ತಿಗೆ ಹೇಳಿದರು: ಲೈಸೆನ್ಸ್ ಪರೀಕ್ಷಿಸುವ ಹಳೆಯ ಪ್ರೋಗ್ರಾಮ್ ಒಂದಿದೆ, ಅದು ಏಳುವುದು ನಿಧಾನ. ಆ್ಯಪ್ ಅದಕ್ಕಿಂತ ಮೊದಲೇ ಎದ್ದರೆ ಲೈಸೆನ್ಸ್ ಇಲ್ಲವೆಂದು ತಾನೇ ತೀರ್ಮಾನಿಸಿಬಿಡುತ್ತದೆ. ಹಾಗೆಂದು ಬಾಯಿಬಿಟ್ಟು ಹೇಳುವುದಿಲ್ಲ. ಹಗಲೆಲ್ಲ ಸರಿಯಾಗಿಯೇ ಓಡಿ, ರಾತ್ರಿ ವರದಿ ತಯಾರಿಸುವ ಕೆಲಸವನ್ನು ಮಾತ್ರ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಬೆಳಿಗ್ಗೆ ಗ್ರಾಹಕರ ಫೋನ್ ಬಂದಾಗಲೇ ಗೊತ್ತಾಗುವುದು. ಅವರು ಇದನ್ನು ಕಂಡುಕೊಳ್ಳಲು ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದರು.

ಆ ಹತ್ತು ನಿಮಿಷದ ಜಾಗದಲ್ಲಿ, ಲೈಸೆನ್ಸ್ ಪ್ರೋಗ್ರಾಮ್ ಉತ್ತರ ಕೊಡುವವರೆಗೆ ಕೇಳುತ್ತಲೇ ಇರುವ ಒಂದು ಪರೀಕ್ಷೆ ಬರೆದೆವು. ಮೇಲೆ ಕಾರಣವನ್ನೂ ಎರಡು ಸಾಲಿನಲ್ಲಿ ಬರೆದಿಟ್ಟೆವು. ಅಂಥ ಸಾಲುಗಳು ಆ ಕಡತದಲ್ಲಿ ಒಂದೆರಡಲ್ಲ. ಒಂದೊಂದನ್ನು ಕೋಡಿಗೆ ಇಳಿಸಿದಾಗಲೂ ಅವರು ಸ್ವಲ್ಪ ಸಪ್ಪಗಾಗುತ್ತಿದ್ದರು. ರಾತ್ರಿ ಎರಡು ಗಂಟೆಗೆ ಎಲ್ಲರೂ ಫೋನ್ ಮಾಡುತ್ತಿದ್ದುದು ಅವರಿಗೇ. ಬೈದುಕೊಂಡೇ ಎತ್ತುತ್ತಿದ್ದರು, ಆದರೆ ಆ ಫೋನ್ ಬರುವುದು ನಿಂತರೆ ತಾನು ಯಾರು ಎಂಬ ಚಿಂತೆಯೂ ಅವರಿಗಿತ್ತು. ಅಟೊಮೇಶನ್ ಬಗ್ಗೆ ಬರೆಯುವವರು ಇದನ್ನು ಬರೆಯುವುದಿಲ್ಲ. ಕೆಲಸ ಹೋಗುವ ಭಯವನ್ನು ಬರೆಯುತ್ತಾರೆ. ತನ್ನನ್ನು ಕೇಳುವವರಿಲ್ಲದ ಭಯ ಅದಕ್ಕಿಂತ ಬೇರೆ.

ಅವರ ಕೆಲಸ ಹೋಗಲಿಲ್ಲ. ಬೇರೆಯಾಯಿತು. ಪ್ರತಿಯೊಂದು ಬದಲಾವಣೆಯೂ ಪುಲ್ ರಿಕ್ವೆಸ್ಟ್ ಆಗಿ, ಅಂದರೆ ಒಪ್ಪಿಗೆ ಕೇಳುವ ಮನವಿಯಾಗಿ ಬರಬೇಕು, ಪ್ಲಾನ್ ತಾನಾಗಿ ಅದರ ಕೆಳಗೆ ಅಂಟಬೇಕು, ಇಬ್ಬರು ಓದಿ ಒಪ್ಪಬೇಕು ಎಂದು ನಿಯಮ ಮಾಡಿಕೊಂಡೆವು. ಕೋಡ್ ಬರೆಯಲು ಒಲ್ಲೆನೆಂದ ಸರ್ ಪ್ಲಾನ್ ಓದಲು ಕೂತರು. ಅಷ್ಟು ಚೆನ್ನಾಗಿ ಓದುವವರನ್ನು ನಾನು ಮತ್ತೆ ನೋಡಿಲ್ಲ.

ಒಂದು ಸಲದ್ದು ಹೇಳುತ್ತೇನೆ. ಆಡಿಟ್‌ನವರು ಡೇಟಾಬೇಸ್‌ಗಳೆಲ್ಲ ಎನ್‌ಕ್ರಿಪ್ಟ್ ಆಗಿರಬೇಕು ಎಂದು ಬರೆದರು. ತಂಡದ ಕಿರಿಯ ಹುಡುಗನೊಬ್ಬ ಕೋಡಿನಲ್ಲಿ ಒಂದೇ ಒಂದು ಸಾಲು ಸೇರಿಸಿದ, ಎನ್‌ಕ್ರಿಪ್ಶನ್ ಇರಲಿ ಎಂದು. ನೋಡಿದರೆ ಎಲ್ಲರೂ ಒಪ್ಪುವ ಬದಲಾವಣೆ. ಅದರ ಜೊತೆಗೆ ಬಂದ ಪ್ಲಾನ್ ಉದ್ದಕ್ಕಿತ್ತು. ಕೊನೆಯ ಸಾಲು: ‘1 ಟು ಆ್ಯಡ್, 0 ಟು ಚೇಂಜ್, 1 ಟು ಡಿಸ್ಟ್ರಾಯ್’. ಸರ್ ಅದರ ಕೆಳಗೆ ಒಂದೇ ಮಾತು ಬರೆದರು: ‘ಬದಲಾವಣೆ ಸೊನ್ನೆ ಅಂತಿದೆ. ಹಾಗಾದರೆ ಸಾಯ್ತಿರೋದು ಯಾರು?’

ಸಾಯುತ್ತಿದ್ದುದು ಪ್ರೊಡಕ್ಷನ್ ಡೇಟಾಬೇಸ್. ಅಮೆಜಾನ್‌ನಲ್ಲಿ ಒಮ್ಮೆ ಎನ್‌ಕ್ರಿಪ್ಶನ್ ಇಲ್ಲದೆ ಹುಟ್ಟಿದ ಡೇಟಾಬೇಸಿಗೆ ಆಮೇಲೆ ಅದನ್ನು ಹಾಗೆಯೇ ಹಾಕಲು ಬರುವುದಿಲ್ಲ. ಬರುವುದಿಲ್ಲವಾದ್ದರಿಂದ ಟೆರಾಫಾರ್ಮ್ ತನ್ನ ಧರ್ಮದಂತೆ ನಡೆಯುತ್ತದೆ: ಇದ್ದದ್ದನ್ನು ಅಳಿಸಿ, ಹೊಸದನ್ನು, ಖಾಲಿಯದನ್ನು, ಎನ್‌ಕ್ರಿಪ್ಶನ್ ಸಮೇತ ಕಟ್ಟುತ್ತದೆ. ನಾವು ಕೇಳಿದ್ದೂ ಅದನ್ನೇ ತಾನೆ? ಇನ್ನೊಂದು ಸಂಗತಿ ಆ ಪ್ಲಾನ್ ಓದುವಾಗಲೇ ಸಿಕ್ಕಿತು. ಅಳಿಸುವ ಮುನ್ನ ಕೊನೆಯದೊಂದು ಪ್ರತಿ ತೆಗೆದಿಡಬೇಡ ಎಂಬ ಆಯ್ಕೆ ಟೆಸ್ಟ್ ಪರಿಸರದ ಕೋಡಿನಿಂದ ಪ್ರೊಡಕ್ಷನ್‌ಗೂ ನಕಲಾಗಿ ಬಂದಿತ್ತು. ಸರಿಯಾದ ದಾರಿ ದೂರದ್ದು. ಸ್ನ್ಯಾಪ್‌ಶಾಟ್ ತೆಗೆದು, ಅದನ್ನು ಎನ್‌ಕ್ರಿಪ್ಟ್ ಮಾಡುತ್ತ ನಕಲು ಮಾಡಿ, ಆ ನಕಲಿನಿಂದ ಹೊಸ ಡೇಟಾಬೇಸ್ ಎಬ್ಬಿಸಿ, ಆ್ಯಪ್‌ಗಳನ್ನು ಅದರ ಕಡೆ ತಿರುಗಿಸುವುದು. ಒಂದು ಭಾನುವಾರದ ನಸುಕಿನಲ್ಲಿ ಅದನ್ನು ಮುಗಿಸಿದೆವು. ಆಮೇಲೆ ಡೇಟಾಬೇಸ್‌ಗಳಿಗೆಲ್ಲ ‘ಅಳಿಸಬಾರದು’ ಎಂಬ ಬೇಲಿ ಹಾಕಿದೆವು. ಪ್ಲಾನ್‌ನಲ್ಲಿ ಅಳಿಸುವ ಮಾತು ಬಂದರೆ ಟೆರಾಫಾರ್ಮ್ ಅಲ್ಲೇ ನಿಂತುಬಿಡುತ್ತದೆ. ಹುಡುಗನನ್ನು ಯಾರೂ ಬೈಯಲಿಲ್ಲ. ಬೈಯುವುದಕ್ಕೆ ಏನೂ ಆಗಿರಲಿಲ್ಲ, ಅಷ್ಟಕ್ಕೇ ತಾನೇ ಓದುವವರನ್ನು ಇಟ್ಟದ್ದು.

ದೊಡ್ಡವರ ಮನೆಯಲ್ಲಿ ಇದಕ್ಕಿಂತ ದೊಡ್ಡದಾಗಿಯೇ ಆದದ್ದುಂಟು. 2017ರ ಫೆಬ್ರುವರಿ 28ರಂದು ಅಮೆಜಾನ್‌ನ ಎಸ್3 ಸೇವೆ ಅಮೆರಿಕದ ಪೂರ್ವ ಕೇಂದ್ರದಲ್ಲಿ ಗಂಟೆಗಟ್ಟಲೆ ನಿಂತು, ಅದನ್ನೇ ನೆಚ್ಚಿದ್ದ ಜಾಲತಾಣಗಳು ಸಾಲಾಗಿ ಮಲಗಿದವು. ಕಾರಣವನ್ನು ಕಂಪನಿಯೇ ಬಿಡಿಸಿ ಹೇಳಿತು. ಕೆಲವೇ ಸರ್ವರ್‌ಗಳನ್ನು ತೆಗೆಯಬೇಕಿದ್ದ ಆದೇಶದಲ್ಲಿ ಒಂದು ಅಂಶ ತಪ್ಪಾಗಿ ಬಿದ್ದು ಬಹಳಷ್ಟು ಸರ್ವರ್‌ಗಳು ಹೋದವು. ಆದೇಶ ಕೊಟ್ಟವರಿಗೆ ಅಧಿಕಾರವಿತ್ತು, ಬಳಸಿದ ವಿಧಾನವೂ ಗೊತ್ತುಪಡಿಸಿದ್ದೇ ಆಗಿತ್ತು. ಆಮೇಲೆ ಅವರು ಆ ಸಾಧನವನ್ನೇ ತಿದ್ದಿದರು: ನಿಧಾನಕ್ಕೆ ತೆಗೆ, ಇಷ್ಟಕ್ಕಿಂತ ಕೆಳಗೆ ಇಳಿಯಬೇಡ. ಆ ವರದಿಯನ್ನು ನಾನು ಹೊಸಬರಿಗೆ ಈಗಲೂ ಓದಿಸುತ್ತೇನೆ.

2020. ಮಾರ್ಚ್ 10ರಂದು ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು, ದೇಶದ ಮೊದಲ ಕೋವಿಡ್ ಸಾವು. ಊರಿನ ಹೆಸರು ದಿನವಿಡೀ ಟಿ.ವಿ.ಯಲ್ಲಿ. ಅಪ್ಪ ಅವ್ವ ಇಬ್ಬರೇ ಇದ್ದರು. ಮೇ ತಿಂಗಳಲ್ಲಿ ಪಾಸ್ ಮಾಡಿಸಿಕೊಂಡು ಆಳಂದ ಸೇರಿದೆ, ವರ್ಷದ ಹತ್ತಿರ ಅಲ್ಲೇ ಉಳಿದೆ.

ನಮ್ಮ ಮನೆಯೊಳಗೆ ದಪ್ಪ ಗೋಡೆ, ಪರಸಿ ಕಲ್ಲಿನ ನೆಲ, ತಂಪೇನೋ ತಂಪು, ಆದರೆ ಫೋನಿಗೆ ಒಂದು ಕಡ್ಡಿಯೂ ಸಿಗ್ನಲ್ ಇಲ್ಲ. ಸಿಗ್ನಲ್ ಇರುವುದು ಮಾಳಗಿ ಮೇಲೆ. ಅಲ್ಲಿ ಹಗಲು ಕೂತರೆ ಲ್ಯಾಪ್‌ಟಾಪೂ ನಾನೂ ಕೂಡಿಯೇ ಬೇಯಬೇಕು. ಹೀಗಾಗಿ ದೊಡ್ಡ ಬದಲಾವಣೆಗಳನ್ನೆಲ್ಲ ರಾತ್ರಿ ಊಟವಾದ ಮೇಲೆ ಮಾಳಗಿ ಮೇಲೆ ಚಾಪೆ ಹಾಸಿ ಮಾಡುತ್ತಿದ್ದೆ. ಆ ಕಾಲದಲ್ಲಿ ನಮ್ಮಲ್ಲಿ ಪ್ಲಾನ್ ತಾನಾಗಿ ತಯಾರಾಗುತ್ತಿತ್ತು, ಆದರೆ ಪ್ರೊಡಕ್ಷನ್‌ಗೆ ‘ಅಪ್ಲೈ’ ಒತ್ತುವುದು ಮಾತ್ರ ಹಿರಿಯರ ಲ್ಯಾಪ್‌ಟಾಪಿನಿಂದ. ಅದೊಂದು ಕೈಯಲ್ಲಿರಲಿ ಎಂದು ಎಲ್ಲರೂ ಒಪ್ಪಿಯೇ ಉಳಿಸಿಕೊಂಡದ್ದು.

ಒಂದು ರಾತ್ರಿ ಅಪ್ಲೈ ನಡುವಿರುವಾಗ ಕರೆಂಟ್ ಹೋಯಿತು. ಜೊತೆಗೆ ಟವರೂ ಹೋಯಿತು. ಕ್ಲೌಡ್‌ನಲ್ಲಿ ಅರ್ಧ ಕೆಲಸ ಆಗಿತ್ತು. ಏನೇನು ಆಯಿತೆಂಬ ದಾಖಲೆಯನ್ನು ಎಲ್ಲರೂ ನೋಡುವ ಜಾಗಕ್ಕೆ ಏರಿಸಲು ಆಗದೆ ಟೆರಾಫಾರ್ಮ್ ಅದನ್ನು ನನ್ನ ಲ್ಯಾಪ್‌ಟಾಪಿನಲ್ಲೇ ಒಂದು ಕಡತ ಮಾಡಿ ಬಿಟ್ಟಿತು. ಬೆಂಗಳೂರಿನಲ್ಲಿದ್ದವರಿಗೆ ಕಾಣುತ್ತಿದ್ದುದು ಹಳೆಯ ಸ್ಟೇಟ್. ಅದಕ್ಕೆ ಬೀಗ, ಬೀಗದ ಮೇಲೆ ನನ್ನ ಹೆಸರು. ಅವರು ಬೀಗ ಮುರಿದು ಮುಂದುವರಿಯುವ ಹಾಗಿಲ್ಲ, ನನಗೆ ಹೇಳಲು ಫೋನಿಲ್ಲ. ಅಪ್ಪ ಕಂದೀಲು ಹಿಡಿದು ಮೇಲೆ ಬಂದ. ಏನಾಯಿತೆಂದು ಹೇಳಿದೆ. “ಹಂಗಾರ ಖರೇ ಲೆಕ್ಕ ಈಗ ನಿನ್ನ ಬಲ್ಲಿ ಅಷ್ಟೇ ಅದ?” ಎಂದ. ಹೌದೆಂದೆ. “ಮತ್ತ ಬೆಂಗಳೂರಾಗಿನ ಮಂದಿ ಏನ್ ಮಾಡಬೇಕವ್ವಾ? ನಿನ್ನ ಹುಡ್ಕೋತ ಆಳಂದಕ್ಕ ಬರಬೇಕೇನು?”

ಮೇ ತಿಂಗಳಲ್ಲಿ ತಲಾಟಿಯನ್ನು ಹುಡುಕಿಕೊಂಡು ಸೈಕಲ್ ತುಳಿದವನ ಮಾತು ಅದು. ಅವನಿಗೆ ಹಾಗೆನಿಸಿತೋ ಇಲ್ಲವೋ ಕೇಳಲಿಲ್ಲ, ನನಗಂತೂ ಚೀಲ ಕಣ್ಣೆದುರು ಬಂತು. ನಸುಕಿಗೆ ಟವರ್ ಎದ್ದ ಮೇಲೆ ಆ ಕಡತವನ್ನು ಅದರ ಜಾಗಕ್ಕೆ ಏರಿಸಿ ಬೀಗ ತೆಗೆದೆ. ಮುಂದಿನ ಸ್ಪ್ರಿಂಟಿಗೆ ಒಂದೇ ವಿಷಯ ಹಿಡಿದೆವು: ಯಾರ ಲ್ಯಾಪ್‌ಟಾಪಿನಿಂದಲೂ ಅಪ್ಲೈ ಬೇಡ. ಒಪ್ಪಿಗೆಯಾದ ಪ್ಲಾನನ್ನು, ಅದೇ ಪ್ಲಾನನ್ನು, ಪೈಪ್‌ಲೈನ್ ಮುಂಬೈಯಲ್ಲೇ ಕೂತು ನಡೆಸಲಿ. ನಾವು ಓದೋಣ, ಒಪ್ಪೋಣ ಅಥವಾ ತಿರಸ್ಕರಿಸೋಣ. ಅಷ್ಟಕ್ಕೆ ಫೋನಿನ ಎರಡು ಕಡ್ಡಿ ಸಾಕು.

ವಿರೋಧ ಬಂದದ್ದು ಹಿರಿಯರಿಂದಲೇ. ರಾತ್ರಿ ಬೆಂಕಿ ಬಿದ್ದಾಗ ಪೈಪ್‌ಲೈನೇ ಕೆಟ್ಟಿದ್ದರೆ? ನ್ಯಾಯವಾದ ಪ್ರಶ್ನೆ. ತುರ್ತಿಗೆಂದು ಒಂದು ಖಾತೆ ಉಳಿಸಿ, ಅದರ ಗುಪ್ತಪದವನ್ನು ಇಬ್ಬರ ನಡುವೆ ಹಂಚಿ, ಅದನ್ನು ಬಳಸಿದ ಕ್ಷಣ ಇಡೀ ತಂಡಕ್ಕೆ ಸಂದೇಶ ಹೋಗುವಂತೆ ಮಾಡಿದೆವು. ಉಳಿದವರ ಲ್ಯಾಪ್‌ಟಾಪಿನಿಂದ ಪ್ರೊಡಕ್ಷನ್ ಕೀಲಿಗಳನ್ನು ತೆಗೆದುಹಾಕಿದಾಗ ಒಬ್ಬರು, ಜೇಬು ಖಾಲಿ ಮಾಡಿದಂತಾಯಿತು ಎಂದರು. ನನಗೆ ಮಾತ್ರ ಅವತ್ತು ರಾತ್ರಿ ಒಳ್ಳೆ ನಿದ್ದೆ ಬಂತು.

ಅದೇ ಮುಂಗಾರಿನಲ್ಲಿ ಅಪ್ಪನಿಗೂ ಹೊಸ ಕೆಲಸ ಬಂತು. ರೈತರೇ ಹೊಲದಲ್ಲಿ ನಿಂತು, ಫೋಟೊ ತೆಗೆದು, ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇದೆ ಎಂದು ದಾಖಲಿಸುವ ಬೆಳೆ ಸಮೀಕ್ಷೆಯ ಆ್ಯಪ್ ಆ ವರ್ಷ ಬಂದಿತ್ತು. ಹೊಲದಲ್ಲಿ ತೊಗರಿ ನಿಂತಿರುತ್ತದೆ, ಪಹಣಿಯಲ್ಲಿ ಜೋಳ ಇರುತ್ತದೆ. ಬೆಂಬಲ ಬೆಲೆಗೆ ಮಾರಲು ಹೋದಾಗ, ವಿಮೆ ಕೇಳಲು ಹೋದಾಗ ಆ ಅಂತರ ಕಾಲಿಗೆ ತೊಡರುತ್ತದೆ. ದಾಖಲೆಯನ್ನು ಎಷ್ಟೇ ಚಂದಾಗಿ ಕಂಪ್ಯೂಟರಿಗೆ ಹಾಕಿದರೂ ನೆಲಕ್ಕೆ ಹೋಗಿ ನೋಡುವವರು ಬೇಕು. ಅಣ್ಣನ ಮಗನನ್ನು ಬೈಕ್ ಹಿಂದೆ ಕೂರಿಸಿಕೊಂಡು ಅಪ್ಪ ಬದುವಿನ ಮೇಲೆ ನಿಂತು ಫೋಟೊ ತೆಗೆಸಿದ.

ನಮ್ಮಲ್ಲೂ ಆ ಅಂತರವಿತ್ತು. ಯಾರೋ ಅವಸರಕ್ಕೆ ಬ್ರೌಸರ್‌ನಲ್ಲಿ ಹೋಗಿ ಪೋರ್ಟ್ ತೆರೆದಿರುತ್ತಾರೆ, ಕೋಡಿಗೆ ಅದು ಗೊತ್ತಿರುವುದಿಲ್ಲ. ಕಸುಬಿನಲ್ಲಿ ಇದಕ್ಕೆ ಡ್ರಿಫ್ಟ್ ಎನ್ನುತ್ತಾರೆ. ರಾತ್ರಿ ಎರಡು ಗಂಟೆಗೆ ಯಾರೂ ಕೇಳದಿದ್ದರೂ ಪ್ಲಾನ್ ಓಡಿಸಿ, ಕೋಡಿಗೂ ನೆಲಕ್ಕೂ ವ್ಯತ್ಯಾಸ ಸಿಕ್ಕರೆ ಬೆಳಿಗ್ಗೆ ತಂಡದ ಮುಂದಿಡುವ ಏರ್ಪಾಡು ಮಾಡಿದೆವು. ಮೊದಲ ಬೆಳಿಗ್ಗೆಯ ಪಟ್ಟಿ ನೋಡಿ ಸ್ಟ್ಯಾಂಡ್-ಅಪ್‌ನಲ್ಲಿ ಎಲ್ಲರೂ ತಮ್ಮ ತಮ್ಮ ಕಾಲು ನೋಡಿಕೊಂಡರು.

2022ರ ನವೆಂಬರ್‌ನಲ್ಲಿ ಅಮೆಜಾನ್ ಹೈದರಾಬಾದಿನಲ್ಲಿ ಕೇಂದ್ರ ತೆರೆಯಿತು. ಮುಂಬೈ ಬಿದ್ದರೂ ಕೆಲಸ ನಿಲ್ಲದಿರಲೆಂದು ನಮ್ಮ ಇಡೀ ವ್ಯವಸ್ಥೆಯ ಇನ್ನೊಂದು ಪ್ರತಿಯನ್ನು ಅಲ್ಲಿ ಎಬ್ಬಿಸಿದೆವು. ಕೋಡ್ ಇದ್ದುದರಿಂದ ಆದದ್ದು ಅದು. ಹಳೆಯ ಕಾಲದಲ್ಲಾದರೆ ವರ್ಷದ ಯೋಜನೆ. ಫೋನಿನಲ್ಲಿ ಅಪ್ಪನಿಗೆ ಹೇಳಿದೆ. 1948ರವರೆಗೆ ನಮ್ಮ ಭಾಗ ನಿಜಾಮರದು, ಅಜ್ಜನ ಹೊಲದ ಉರ್ದು ಕಾಗದಗಳು ಇನ್ನೂ ಟ್ರಂಕಿನಲ್ಲಿವೆ. “ತಿರುಗಿ ಹೈದರಾಬಾದಿಗೇ ಹ್ವಾದವೇನು ಕಾಗದ?” ಎಂದು ಬಹಳ ಹೊತ್ತು ನಕ್ಕ.

ಮರುವರ್ಷ ಆಳಂದದ ಹೆಸರೇ ಪತ್ರಿಕೆಯಲ್ಲಿ. 2023ರ ವಿಧಾನಸಭೆ ಚುನಾವಣೆಗೆ ಮೊದಲು ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರೆಂದು ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದಿದ್ದವು. ಪರಿಶೀಲಿಸಿದಾಗ ಸರಿಯಿದ್ದದ್ದು 24 ಮಾತ್ರ, ಉಳಿದ 5,994 ತಿರಸ್ಕೃತವಾದವು ಎಂದು ಚುನಾವಣಾ ಆಯೋಗವೇ ಹೇಳಿತು. ಪೊಲೀಸ್ ದೂರಾಯಿತು, ತನಿಖೆಯಾಯಿತು, ರಾಜಕೀಯದ ಮಾತು ದಿಲ್ಲಿಯವರೆಗೂ ಹೋಯಿತು. ಯಾರು ಮಾಡಿದರು, ಯಾಕೆ ಮಾಡಿದರು ಎಂಬುದು ತನಿಖೆಯವರಿಗೆ ಸೇರಿದ್ದು. ನನ್ನ ಕಣ್ಣು ನೆಟ್ಟದ್ದು ನಡುವಿನ ಒಂದು ಹಂತದ ಮೇಲೆ. ಅರ್ಜಿ ಬಂದ ಮಾತ್ರಕ್ಕೆ ಹೆಸರು ಅಳಿಯುವುದಿಲ್ಲ. ಬೂತ್ ಮಟ್ಟದ ಅಧಿಕಾರಿ, ಅಂದರೆ ನಮ್ಮ ಓಣಿಯ ಶಾಲೆಯ ಟೀಚರಮ್ಮನೋ ಅಂಗನವಾಡಿ ಕಾರ್ಯಕರ್ತೆಯೋ, ಮನೆ ಬಾಗಿಲಿಗೆ ಹೋಗಿ ಆ ಮನುಷ್ಯ ಇದ್ದಾನೆಯೇ ನೋಡಬೇಕು. ಕಡತ ತಾನಾಗಿ ಓಡುವ ಎಲ್ಲ ವ್ಯವಸ್ಥೆಯಲ್ಲೂ ಈ ಹಂತವನ್ನೇ ಮೊದಲು ಕತ್ತರಿಸಲು ಹೊರಡುತ್ತಾರೆ. ನಿಧಾನ ಕಾಣುವುದು ಅಲ್ಲಿಯೇ.

ಸರ್ ಈಗ ಮಂಡ್ಯ ಕಡೆ ತೋಟದಲ್ಲಿದ್ದಾರೆ, ಹಬ್ಬಕ್ಕೆ ಮೆಸೇಜ್ ಕಳಿಸುತ್ತಾರೆ. 2023ರ ಆಗಸ್ಟ್‌ನಲ್ಲಿ ಹ್ಯಾಶಿಕಾರ್ಪ್ ಟೆರಾಫಾರ್ಮ್‌ನ ಲೈಸೆನ್ಸ್ ಬದಲಿಸಿದಾಗ ಅದರಿಂದ ಕವಲೊಡೆದ ಓಪನ್‌ಟೋಫು ಕಡೆಗೆ ನಾವು ಸರಿದೆವು. ಎಲ್ಲ ಕೋಡಿನಲ್ಲೇ ಇದ್ದುದರಿಂದ ಅಂಥ ತೊಂದರೆಯಾಗಲಿಲ್ಲ. ತೊಂದರೆ ಬೇರೆ ಕಡೆಯಿಂದ ಬಂದಿದೆ. ಈಗ ಕೋಡನ್ನೂ ಎಐ ಬರೆದುಕೊಡುತ್ತದೆ. ಮುಂಚೆ ದಿನಕ್ಕೆ ಬೆರಳೆಣಿಕೆಯಷ್ಟು ಬರುತ್ತಿದ್ದ ಪುಲ್ ರಿಕ್ವೆಸ್ಟ್‌ಗಳು ಈಗ ರಾಶಿ ರಾಶಿ, ಪ್ಲಾನ್‌ಗಳೂ ಉದ್ದುದ್ದ, ಓದುವವರು ಮಾತ್ರ ಅಷ್ಟೇ ಮಂದಿ. ಓದುವುದನ್ನೂ ಎಐಗೇ ಬಿಡೋಣ ಎಂದು ಹೊಸ ಹುಡುಗರು ಕೇಳುತ್ತಿದ್ದಾರೆ. ಡೆವ್ ಪರಿಸರಕ್ಕೆ ಬಿಟ್ಟಿದ್ದೇವೆ, ಅಲ್ಲಿ ಒಪ್ಪಿಗೆಯೇ ಬೇಕಿಲ್ಲ, ರಾತ್ರಿ ಎಂಟಕ್ಕೆ ಅದು ಹೇಗೂ ಅಳಿದು ಬೆಳಿಗ್ಗೆ ಮತ್ತೆ ಹುಟ್ಟುತ್ತದೆ. ಪ್ರೊಡಕ್ಷನ್‌ಗೆ ಮುಂಚಿನ ಸ್ಟೇಜಿಂಗ್ ಪರಿಸರಕ್ಕೆ ಒಬ್ಬರ ಒಪ್ಪಿಗೆ. ಡೇಟಾಬೇಸ್ ಮತ್ತು ನೆಟ್‌ವರ್ಕ್ ಇರುವ ಎರಡು ಫೋಲ್ಡರ್‌ಗಳಿಗೆ ಮಾತ್ರ ಇಬ್ಬರು ಮನುಷ್ಯರ ಹೆಸರು ಬೇಕು, ಅವರಲ್ಲೊಬ್ಬರು ಆ ವಾರ ರಾತ್ರಿ ಫೋನ್ ಎತ್ತುವ ಸರದಿಯವರೇ ಆಗಿರಬೇಕು ಎಂದಿಟ್ಟಿದ್ದೇನೆ. ಈ ಕೊನೆಯ ಷರತ್ತಿಗೆ, ಸ್ಪ್ರಿಂಟ್ ಮುಗಿದಾಗಿನ ಪ್ರತಿ ರೆಟ್ರೋ ಸಭೆಯಲ್ಲೂ ತಕರಾರು ಬರುತ್ತದೆ. ಕಳೆದ ಸಲ ಮತಕ್ಕೆ ಹಾಕಿದರು, ಒಂದೇ ಮತದಲ್ಲಿ ಉಳಿಯಿತು.